ಬೀಡಿ ಕಂತ್ರಾಟು: ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ

ಬೀಡಿ ಕಂಪೆನಿಯ ಎಲೆ, ಹೊಗೆಸೊಪ್ಪು, ನೂಲನ್ನು ಊರಿಗೆ ತಂದು ಮನೆಮನೆಗೆ ಹಂಚುವುದು, ಕಟ್ಟಿದ ಬೀಡಿಯನ್ನು ಎಣಿಸಿ ಪಡೆಯುವುದು, ಅದನ್ನು ಮತ್ತೆ ಕಂಪೆನಿಗೆ ಒಪ್ಪಿಸಿ ಮಜೂರಿ ಬಟವಾಡೆ ಮಾಡುವುದು ಇಷ್ಟೂ ಒಬ್ಬ ಮಧ್ಯವರ್ತಿಯ ಕೈಯಲ್ಲಿರುವ ವ್ಯವಸ್ಥೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಈ ಮಧ್ಯವರ್ತಿಯನ್ನು ಕಂತ್ರಾಟುದಾರ ಅಥವಾ ಗುತ್ತಿಗೆದಾರ ಎನ್ನುತ್ತಾರೆ; ಅವನು ಕೂತು ವ್ಯವಹರಿಸುವ ಕೋಣೆಗೆ ಬ್ರಾಂಚು ಎಂದು ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹಳ್ಳಿಗಳಲ್ಲಿ ಮೂರು ತಲೆಮಾರಿನ ಹೆಂಗಸರು ಈ ಬ್ರಾಂಚುಗಳ ಮುಂದೆ ಸಾಲು ನಿಂತಿದ್ದಾರೆ. ಕಂತ್ರಾಟುದಾರ ಸ್ವತಂತ್ರ ವ್ಯಾಪಾರಿಯೋ ಕಂಪೆನಿಯ ಆಳೋ, ಬೀಡಿ ಕಟ್ಟುವವಳ ನಿಜವಾದ ಧಣಿ ಯಾರು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಇಂದು ಮೊಬೈಲ್ ಆ್ಯಪ್ ನೋಡಿಕೊಂಡು ಪಾರ್ಸೆಲ್ ತಲುಪಿಸುವ ಹುಡುಗರ ಬಗ್ಗೆ ನಡೆಯುತ್ತಿರುವ ವಾದವೆಲ್ಲ ಬೀಡಿಯ ವಿಷಯದಲ್ಲಿ ಆಗಲೇ ಒಂದು ಸುತ್ತು ಮುಗಿದಿತ್ತು.

ಬ್ರಾಂಚು ಎಂಬ ಮಾತನ್ನೇ ಸ್ವಲ್ಪ ನೋಡಬೇಕು. ಬ್ರಾಂಚು ಎಂದರೆ ಶಾಖೆ. ಕಂಪೆನಿಯ ಕಾಗದಪತ್ರದಲ್ಲಿ ಅಲ್ಲಿರುವವನು ಸ್ವಂತ ಬಂಡವಾಳ ಹೂಡಿದ ಗುತ್ತಿಗೆದಾರ. ಊರವರ ಬಾಯಲ್ಲಿ ಮಾತ್ರ ಅದು ಇಂಥ ಕಂಪೆನಿಯ ಬ್ರಾಂಚು, ಅಂದರೆ ಕಂಪೆನಿಯದೇ ಒಂದು ಕೊಂಬೆ. ವಕೀಲರು ಹತ್ತಾರು ವರ್ಷ ವಾದಿಸಿದ ಸಂಗತಿಯನ್ನು ಜನ ಯಾವ ವಾದವೂ ಇಲ್ಲದೆ ಒಂದೇ ಪದದಲ್ಲಿ ತೀರ್ಮಾನಿಸಿಬಿಟ್ಟಿದ್ದರು.

ಕೆಲಸದ ಕ್ರಮ

ಬೀಡಿಗೆ ಬೇಕಾದ ಯಾವ ಸಾಮಗ್ರಿಯೂ ಈ ಮೂರು ತಾಲೂಕುಗಳಲ್ಲಿ ಬೆಳೆಯುವುದಿಲ್ಲ. ಎಲೆ ಬರುವುದು ಮಧ್ಯಪ್ರದೇಶ, ಒಡಿಶಾ ಮೊದಲಾದ ಕಡೆಯ ಕಾಡುಗಳಿಂದ. ಹೊಗೆಸೊಪ್ಪು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಿಂದ, ಗುಜರಾತಿನ ಖೇಡಾ ಸೀಮೆಯಿಂದ. ಇಲ್ಲಿ ಸಿಗುತ್ತಿದ್ದದ್ದು ಕೈಬೆರಳು ಮಾತ್ರ. ಮಳೆಗಾಲದ ನಾಲ್ಕು ತಿಂಗಳು ಗದ್ದೆ, ತೋಟದ ಕೂಲಿ ಬಿಟ್ಟರೆ ಬೇರೆ ದುಡಿಮೆ ಕಾಣದ ಮನೆಗಳಿಗೆ ಜಗಲಿಯಲ್ಲಿ ಕೂತೇ ಮಾಡಬಹುದಾದ ಈ ಕೆಲಸ ಒಗ್ಗಿತು. ಬ್ಯಾರಿ, ಬಿಲ್ಲವ, ದಲಿತ, ಕ್ರೈಸ್ತ ಮನೆಗಳೆಂಬ ಭೇದವಿಲ್ಲದೆ ಹೆಣ್ಣುಮಕ್ಕಳ ಮಡಿಲಿಗೆ ಬೀಡಿಯ ಸೂಪು (ಮೊರ) ಬಂತು.

ಮಂಗಳೂರಿನ ಡಿಪೋದಿಂದ ಟೆಂಪೊದಲ್ಲಿ ಎಲೆಯ ಗೋಣಿ, ಹೊಗೆಸೊಪ್ಪಿನ ಚೀಲ ಬ್ರಾಂಚಿಗೆ ಬರುತ್ತವೆ. ಸಾವಿರ ಬೀಡಿಗೆ ಸುಮಾರು ಅರ್ಧದಿಂದ ಮುಕ್ಕಾಲು ಕಿಲೋ ಎಲೆ, ಕಾಲು ಕಿಲೋ ಆಸುಪಾಸಿನ ಹೊಗೆಸೊಪ್ಪು ತೂಗಿ ಕೊಡುವುದು ವಾಡಿಕೆ. ಎಲೆಯನ್ನು ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸುತ್ತಿಟ್ಟು, ಮರುದಿನ ಅಳತೆಯ ತಗಡು ಇಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಟಿ, ನೂಲು ಕಟ್ಟಿ, ಬಾಯಿ ಮಡಚಬೇಕು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಸಾವಿರ ಬೀಡಿ ಎಂದರೆ ನುರಿತವಳಿಗೂ ಇಡೀ ದಿನದ ದುಡಿಮೆ. ಮನೆಗೆಲಸದ ಎಡೆಯಲ್ಲಿ ಐನೂರು, ಆರುನೂರಾದರೆ ಹೆಚ್ಚು. ಬ್ರಾಂಚಿನಲ್ಲಿ ಕಟ್ಟುಗಳನ್ನು ಎಣಿಸಿ, ಪರಿಶೀಲಿಸಿ, ಲಾಗ್ ಬುಕ್ಕಿನಲ್ಲಿ ಬರೆದುಕೊಂಡು, ಮರುದಿನದ ಎಲೆ ಕೊಡುತ್ತಾರೆ. ಬೀಡಿ ಮತ್ತೆ ಟೆಂಪೊ ಹತ್ತಿ ಕಂಪೆನಿ ಸೇರಿ, ಅಲ್ಲಿ ಭಟ್ಟಿಯಲ್ಲಿ ಕಾದು, ಲೇಬಲ್ ಹಚ್ಚಿಸಿಕೊಂಡು ಮಾರುಕಟ್ಟೆಗೆ ಹೋಗುತ್ತದೆ. ಲೇಬಲ್ಲಿನ ಮೇಲಿರುವುದು ಕಂಪೆನಿಯ ಹೆಸರು. ಕಟ್ಟಿದವಳದ್ದಾಗಲಿ ಸಾಗಿಸಿದವನದ್ದಾಗಲಿ ಅಲ್ಲಿ ಇರುವುದಿಲ್ಲ.

ಕಂತ್ರಾಟುದಾರನಿಗೆ ಸಿಗುವುದು ಸಾವಿರ ಬೀಡಿಯ ಲೆಕ್ಕದಲ್ಲಿ ಕಮಿಷನ್. ಬ್ರಾಂಚಿನ ಕೋಣೆಯ ಬಾಡಿಗೆ, ಪರಿಶೀಲನೆಗೆ ಇಟ್ಟುಕೊಂಡ ಆಳಿನ ಸಂಬಳ, ಎಲೆ ಒಣಗಿ ತೂಕ ಕಳೆದುಕೊಂಡ ನಷ್ಟ ಎಲ್ಲವೂ ಅದರಲ್ಲೇ ಆಗಬೇಕು. ಕಮಿಷನ್ನಿನಲ್ಲಿ ಹೊಂದದ್ದನ್ನು ಅವನು ಎಲ್ಲಿಂದ ಹೊಂದಿಸುತ್ತಾನೆ ಎನ್ನುವುದರಲ್ಲೇ ಮುಂದಿನ ಎಲ್ಲ ತಕರಾರು ಅಡಗಿದೆ.

ಕಣ್ಣೂರಿನಿಂದ ಬಂದ ಪಾಠ

ಭಾರತ್ ಬೀಡಿ, ಗಣೇಶ್ ಬೀಡಿ, ಪಿ.ವಿ.ಎಸ್., ಪ್ರಕಾಶ್ ಮೊದಲಾದ ಮಂಗಳೂರು ಮೂಲದ ಹೆಸರುಗಳು ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದಾಚೆಗೂ ಹಬ್ಬಿದವು. 1956ರವರೆಗೆ ದಕ್ಷಿಣ ಕನ್ನಡವೂ ಮಲಬಾರೂ ಒಂದೇ ಮದ್ರಾಸ್ ರಾಜ್ಯದಲ್ಲಿದ್ದುದರಿಂದ ಕಂಪೆನಿಗಳ ವ್ಯವಹಾರ ಎರಡೂ ಕಡೆ ಇತ್ತು. ಮಲಬಾರಿನ ಕಣ್ಣೂರಿನಲ್ಲಿ ಬೀಡಿ ಕಾರ್ಮಿಕರು ಕೊಟ್ಟಿಗೆಗಳಲ್ಲಿ ಸಾಲಾಗಿ ಕೂತು ದುಡಿಯುತ್ತಿದ್ದರು. ಒಬ್ಬ ಪತ್ರಿಕೆ ಓದಿ ಹೇಳುತ್ತಿದ್ದ, ಉಳಿದವರು ಕೇಳುತ್ತ ಕಟ್ಟುತ್ತಿದ್ದರು. ಸಂಘಟನೆ ಅಲ್ಲಿ ಗಟ್ಟಿಯಾಗಿತ್ತು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮಾಡಿತು. 1968ರಲ್ಲಿ ಕೇರಳ ಸರ್ಕಾರ ಅದನ್ನು ಜಾರಿಗೆ ತಂದಾಗ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಕಣ್ಣೂರು ಪ್ರದೇಶದ ತನ್ನ ಕೆಲಸವನ್ನೇ ನಿಲ್ಲಿಸಿತು. ಸುಮಾರು 12,000 ಮಂದಿ ಬೀದಿಗೆ ಬಿದ್ದರು. ಅವರ ಹೋರಾಟದಿಂದ 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಇದು ಆ ಕಡೆಯ ಕಥೆ, ಪುಸ್ತಕಗಳಲ್ಲಿ ಬಂದದ್ದು. ಈ ಕಡೆಯ ಕಥೆ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಕಾನೂನು ಹೊರೆಯಾದ ಕಡೆ ಬಾಗಿಲು ಹಾಕಿ, ಮನೆಮನೆಗೆ ಚದುರಿದ, ಒಂದು ಕಡೆ ಕೂಡದ, ಪತ್ರಿಕೆ ಓದಿ ಹೇಳುವವನಿಲ್ಲದ ಕೆಲಸಗಾರ್ತಿಯರತ್ತ ಉದ್ಯಮ ವಾಲಿತು. ಚದುರಿದವರನ್ನು ಕಂಪೆನಿಗೆ ಜೋಡಿಸುವ ಕೊಂಡಿಯಾಗಿ ಕಂತ್ರಾಟುದಾರ ಬೇಕಾದ. ಪಾಣೆಮಂಗಳೂರು, ವಿಟ್ಲ, ಗುರುವಾಯನಕೆರೆ, ವೇಣೂರಿನ ಪೇಟೆಗಳಲ್ಲೂ ಅವುಗಳ ಒಳಗಿನ ಹಳ್ಳಿಗಳಲ್ಲೂ ಬ್ರಾಂಚುಗಳು ಬೇರೂರಿದ್ದು ಈ ವ್ಯವಸ್ಥೆಯಲ್ಲಿ.

ಇಲ್ಲಿ ಸಂಘಟನೆ ಇರಲಿಲ್ಲ ಎಂದಲ್ಲ. ಈ ಭಾಗವನ್ನು ವಿಧಾನಸಭೆಯಲ್ಲಿ ಪ್ರತಿನಿಧಿಸಿದ್ದ ಬಿ.ವಿ. ಕಕ್ಕಿಲ್ಲಾಯರಂಥ ಕಮ್ಯುನಿಸ್ಟ್ ನಾಯಕರ ರಾಜಕಾರಣದಲ್ಲಿ ಬೀಡಿ, ಹಂಚು, ಗೇರುಬೀಜದ ಕಾರ್ಮಿಕರಿಗೆ ದೊಡ್ಡ ಸ್ಥಾನವಿತ್ತು. ಕಾರ್ಖಾನೆಯ ಗೇಟಿನ ಮುಂದೆ ನಿಂತು ಮಾಡುವ ಮುಷ್ಕರಕ್ಕೂ ನೂರು ಗುಡ್ಡೆಗಳ ನೂರು ಮನೆಗಳಲ್ಲಿ ಸೂಪು ಕೆಳಗಿಡಿಸುವ ಮುಷ್ಕರಕ್ಕೂ ವ್ಯತ್ಯಾಸವಿದೆ. ಇಲ್ಲಿ ಗೇಟು ಎಂದರೆ ಬ್ರಾಂಚಿನ ಬಾಗಿಲು. ಅದರ ಹಿಂದೆ ಇದ್ದವನು ಅದೇ ಊರಿನ ಪರಿಚಯದ ಮನುಷ್ಯ. ಮದುವೆಗೆ ಕರೆಯುವವನು, ಕಷ್ಟಕ್ಕೆ ಮುಂಗಡ ಕೊಡುವವನು. ಅವನ ವಿರುದ್ಧ ಘೋಷಣೆ ಕೂಗುವುದು ಸುಲಭವಲ್ಲ. ಕಂಪೆನಿಗೆ ಕಂತ್ರಾಟುದಾರನಿಂದ ಆದ ಅತಿ ದೊಡ್ಡ ಉಪಕಾರ ಸಾಗಾಟವಲ್ಲ, ಇದು.

ನ್ಯಾಯಾಲಯಗಳು ಕಂಡ ಕಂತ್ರಾಟುದಾರ

ಮೊದಲ ದೊಡ್ಡ ತೀರ್ಪು ಬಂದದ್ದು ಮಧ್ಯಪ್ರದೇಶದ ಸಾಗರದಿಂದ. ಬೀಡಿ ಕಾರ್ಖಾನೆಯೊಂದನ್ನು ತಪಾಸಣೆ ಮಾಡಲು ಹೋದ ಅಧಿಕಾರಿಗೆ ಒಳಗೆ ಕೆಲವು ಸಟ್ಟೇದಾರರು ಸಿಕ್ಕಿದರು. ಸಟ್ಟೇದಾರ ಎಂದರೆ ನಮ್ಮ ಕಂತ್ರಾಟುದಾರನ ಅಲ್ಲಿನ ಅವತಾರ. ಅವರು ಬಂದಿದ್ದುದು ಕಟ್ಟಿಸಿದ ಬೀಡಿಯನ್ನು ಒಪ್ಪಿಸಲು. ಅವರನ್ನು ಕಾರ್ಖಾನೆಯ ಕಾರ್ಮಿಕರೆಂದು ಲೆಕ್ಕ ಹಿಡಿಯಬಹುದೇ ಎಂಬುದು ಪ್ರಶ್ನೆ. ಚಿಂತಾಮನ್ ರಾವ್ ಪ್ರಕರಣವೆಂದು ಹೆಸರಾದ 1958ರ ಈ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅವರು ಸ್ವತಂತ್ರ ಗುತ್ತಿಗೆದಾರರು, ಹೇಗೆ ಕೆಲಸ ಮಾಡಬೇಕೆಂದು ಕಂಪೆನಿ ಅವರಿಗೆ ಹೇಳುವುದಿಲ್ಲ, ಆದ್ದರಿಂದ ಕಾರ್ಖಾನೆ ಕಾಯ್ದೆಯ ಕಾರ್ಮಿಕರಲ್ಲ ಎಂದಿತು. ಕಂಪೆನಿಗಳಿಗೆ ಇದು ವರದಾನವಾಯಿತು.

ಆರು ವರ್ಷಕ್ಕೇ ಗಾಳಿ ತಿರುಗಿತು. ಮದ್ರಾಸ್ ರಾಜ್ಯದ ಬೀಡಿ ಸಂಸ್ಥೆಗಳ ವ್ಯಾಜ್ಯದಲ್ಲಿ, ದಿವಾನ್ ಮೊಹಿದೀನ್ ಸಾಹಿಬ್ ಪ್ರಕರಣವೆಂದು ಕರೆಯುವ 1964ರ ತೀರ್ಪಿನಲ್ಲಿ, ನ್ಯಾಯಾಲಯ ಒಪ್ಪಂದದ ಪತ್ರವನ್ನು ಬದಿಗಿಟ್ಟು ನಡೆಯುವುದನ್ನು ನೋಡಿತು. ಎಲೆ, ಹೊಗೆಸೊಪ್ಪು ಕಂಪೆನಿಯದು, ದರ ಕಂಪೆನಿ ಹೇಳಿದ್ದು, ಬೀಡಿಯನ್ನು ಬೇರೆಯವರಿಗೆ ಮಾರುವ ಹಾಗಿಲ್ಲ, ಗುತ್ತಿಗೆದಾರನೆಂಬವನ ಕೈಯಲ್ಲಿ ಬಂಡವಾಳವೂ ಇಲ್ಲ. ಇಂಥವನು ಸ್ವತಂತ್ರನಲ್ಲ, ಕಂಪೆನಿಯ ಏಜೆಂಟನೋ ಶಾಖಾ ವ್ಯವಸ್ಥಾಪಕನೋ ಆಗಿದ್ದಾನೆ, ಅವನ ಕೈಕೆಳಗೆ ದುಡಿದವರು ಕಂಪೆನಿಯವರೇ ಎಂಬುದು ತೀರ್ಮಾನ. ಬ್ರಾಂಚು ಎಂದ ಊರವರ ಮಾತಿಗೆ ಮುದ್ರೆ ಬಿತ್ತು.

1966ರ ಕಾಯ್ದೆ ಈ ಅರಿವನ್ನು ವ್ಯಾಖ್ಯೆಗಳಲ್ಲೇ ಸೇರಿಸಿತು. ಮನೆಯಲ್ಲಿ ಕೂತು ಕಟ್ಟುವವಳೂ ಉದ್ಯೋಗಿ. ಯಾರಿಗಾಗಿ, ಯಾರ ಪರವಾಗಿ ಕೆಲಸಕ್ಕೆ ಹಚ್ಚಲಾಗಿದೆಯೋ ಅವನು ಮೂಲ ಮಾಲೀಕ. ಎಲೆ ಹಂಚಿಕೆ, ಬೀಡಿ ತಿರಸ್ಕಾರ, ತಿರಸ್ಕರಿಸಿದ ಬೀಡಿಯ ಮಜೂರಿ ಕುರಿತ ತಕರಾರುಗಳನ್ನು ಬೇಗ ತೀರಿಸಲು ಪ್ರತ್ಯೇಕ ಅವಕಾಶವಿತ್ತು. ಮೈಸೂರು ರಾಜ್ಯದ ನಿಯಮಗಳು ಸಾಮಾನ್ಯವಾಗಿ ನೂರಕ್ಕೆ 5ಕ್ಕಿಂತ ಹೆಚ್ಚು ಬೀಡಿ ತಿರಸ್ಕರಿಸಬಾರದೆಂದವು. ಕಂಪೆನಿಗಳು ಒಪ್ಪಲಿಲ್ಲ. ಸಂಸತ್ತಿಗೆ ಇಂಥ ಕಾನೂನು ಮಾಡುವ ಅಧಿಕಾರವೇ ಇಲ್ಲ, ಬೇರೆಯವನು ನೇಮಿಸಿಕೊಂಡ ಜನರ ಹೊಣೆ ತಮ್ಮ ತಲೆಗೆ ಕಟ್ಟುವುದು ವ್ಯಾಪಾರದ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ವಾದಿಸಿದವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ತೀರ್ಪಿಗೆ ಹೆಸರು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರ್ಕಾರ ಎಂದು. ದೇಶದ ಕಾರ್ಮಿಕ ಕಾನೂನಿನ ಪುಸ್ತಕಗಳಲ್ಲಿ ಮಂಗಳೂರಿನ ಹೆಸರು ಹೀಗೆ ಉಳಿದುಕೊಂಡಿದೆ. ಆ ತೀರ್ಪು ಒಂದು ಎಳೆಯನ್ನು ಬಿಟ್ಟಿತು: ತನ್ನದೇ ಲೆಕ್ಕಕ್ಕೆ, ತನಗಾಗಿಯೇ ಆಳಿಟ್ಟು ವ್ಯವಹರಿಸುವ ಗುತ್ತಿಗೆದಾರನಾದರೆ ಆಗ ಅವನೇ ಮೂಲ ಮಾಲೀಕ. ಹಲವು ರಾಜ್ಯಗಳಲ್ಲಿ ಎಲೆ, ಹೊಗೆಸೊಪ್ಪನ್ನು ಗುತ್ತಿಗೆದಾರನಿಗೆ ಮಾರಿದಂತೆಯೂ, ಬೀಡಿಯನ್ನು ಅವನಿಂದ ಕೊಂಡಂತೆಯೂ ಕಾಗದ ಮಾಡುವ ಪದ್ಧತಿ ಬೆಳೆದದ್ದು ಈ ಎಳೆ ಹಿಡಿದೇ.

ಭವಿಷ್ಯ ನಿಧಿಯದು (ಪಿ.ಎಫ್.) ಇನ್ನೊಂದು ಅಧ್ಯಾಯ. ಬೀಡಿ ಉದ್ಯಮಕ್ಕೆ ಅದು 1977ರ ಮೇ 31ರಿಂದ ಅನ್ವಯವಾಯಿತು. ಮನೆಯಲ್ಲಿ ಕಟ್ಟುವವರನ್ನು ನಾವು ನೋಡಿಯೇ ಇಲ್ಲ, ಅವರು ನಮ್ಮ ನೌಕರರು ಹೇಗಾದಾರು ಎಂದು ಕಂಪೆನಿಗಳು ಕೇಳಿದವು. ಪಿ.ಎಂ. ಪಟೇಲ್ ಪ್ರಕರಣದಲ್ಲಿ 1985ರಲ್ಲಿ ಸುಪ್ರೀಂ ಕೋರ್ಟಿನಿಂದ ಉತ್ತರ ಬಂತು. ಬೀಡಿಯನ್ನು ತಿರಸ್ಕರಿಸುವ ಹಕ್ಕು ನಿಮ್ಮದಾದರೆ ಹತೋಟಿಯೂ ನಿಮ್ಮದೇ ಆಯಿತು. ಪಕ್ಕದಲ್ಲಿ ನಿಂತು ಕಾಯುವುದಷ್ಟೇ ಹತೋಟಿಯಲ್ಲ. ಈ ಒಂದು ವಾಕ್ಯದ ತರ್ಕ ಬೀಡಿಯನ್ನು ದಾಟಿ ಎಷ್ಟೋ ದೂರ ಹೋಗಬಲ್ಲದು.

ತಕರಾರುಗಳ ಬಗೆ

ಕೋರ್ಟು ಏನೇ ಹೇಳಲಿ, ಬ್ರಾಂಚಿನ ಮುಂದಿನ ಜಗಳ ದಿನದಿನದ್ದು. ಮೊದಲನೆಯದು ಎಲೆ. ತೂಕ ಸರಿಯಿದ್ದರೂ ಎಲೆ ತೂತು, ಮುರುಕು, ಚಿಕ್ಕದಾದರೆ ಸಾವಿರ ಬೀಡಿ ಆಗುವುದಿಲ್ಲ. ಲೆಕ್ಕ ತುಂಬಿಸಲು ಹೆಂಗಸರು ಅಂಗಡಿಯಿಂದ ಎಲೆ ಕೊಂಡು ತಂದದ್ದುಂಟು. ತಾನು ಕೆಲಸ ಮಾಡಲು ತಾನೇ ದುಡ್ಡು ಹಾಕಿ ಸಾಮಗ್ರಿ ಕೊಳ್ಳುವ ಈ ವಿಚಿತ್ರ ಯಾವ ಮಜೂರಿ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಕೇಳಿದರೆ ಕಂತ್ರಾಟುದಾರ ಕಂಪೆನಿಯತ್ತ ಬೊಟ್ಟು ಮಾಡುತ್ತಾನೆ, ಕಂಪೆನಿ ನಾವು ಒಳ್ಳೆಯ ಎಲೆ ಕಳಿಸಿದ್ದೇವೆ ಎನ್ನುತ್ತದೆ. ಎಲೆ ಬದಲಾದದ್ದು ಡಿಪೋದಲ್ಲೋ ಟೆಂಪೊದಲ್ಲೋ ಬ್ರಾಂಚಿನಲ್ಲೋ, ದೇವರೇ ಬಲ್ಲ.

ಎರಡನೆಯದು ತಿರಸ್ಕಾರ. ಬಾಯಿ ಸರಿಯಾಗಿ ಮಡಚಿಲ್ಲ, ಸೊಪ್ಪು ಸಡಿಲ ಎಂದು ಬೀಡಿ ಪಕ್ಕಕ್ಕೆ ಹೋಗುತ್ತದೆ. ಕಟ್ಟಿದವಳಿಗೆ ಮಜೂರಿ ಇಲ್ಲ. ಆ ಬೀಡಿಯೇನು ಬೆಂಕಿಗೆ ಬೀಳುತ್ತದೆಯೇ ಎಂದು ಕಾರ್ಮಿಕ ಸಂಘಗಳು ಬಹುಕಾಲದಿಂದ ಕೇಳಿಕೊಂಡು ಬಂದಿವೆ. ಮೂರನೆಯದು ಕೆಲಸದ ದಿನ. ಕಂಪೆನಿ ಎಲೆ ಕಡಿಮೆ ಕಳಿಸಿದ ವಾರ ಬ್ರಾಂಚಿನಲ್ಲಿ ಮೂರೋ ನಾಲ್ಕೋ ದಿನ ಮಾತ್ರ ಹಂಚಿಕೆ. ಕನಿಷ್ಠ ಕೂಲಿ ಇರುವುದು ಸಾವಿರ ಬೀಡಿಗೆ. ಇಷ್ಟು ಬೀಡಿ ಕೊಡಲೇಬೇಕೆಂಬ ಕನಿಷ್ಠ ಕೆಲಸ ಇಲ್ಲ. ಆದ್ದರಿಂದ ಸರ್ಕಾರ ದರ ಏರಿಸಿದರೂ ತುಟ್ಟಿಭತ್ಯೆ ಸೇರಿಸಿದರೂ ವಾರದ ಕೊನೆಗೆ ಕೈಗೆ ಬರುವ ಹಣ ಏರಬೇಕೆಂದಿಲ್ಲ. ತುಟ್ಟಿಭತ್ಯೆಯ ಬಾಕಿಗಾಗಿ ಬಿ.ಸಿ. ರೋಡ್, ಬೆಳ್ತಂಗಡಿ, ಮಂಗಳೂರಿನಲ್ಲಿ ಧರಣಿ, ಮೆರವಣಿಗೆ ನಡೆಯುತ್ತಲೇ ಬಂದಿವೆ. ಗ್ರಾಚ್ಯುಟಿಯದೂ ಹಳೆಯ ಬೇಡಿಕೆ.

ನಾಲ್ಕನೆಯದು ಹೆಸರಿನದು. ಒಂದೇ ಪಾಸ್‌ಬುಕ್ಕಿನಲ್ಲಿ ಅಮ್ಮ, ಮಗಳು, ಸೊಸೆ ಮೂವರೂ ಕಟ್ಟಿದ ಬೀಡಿ ಜಮಾ ಆಗುತ್ತದೆ. ಕಾನೂನಿನ ಕಣ್ಣಿಗೆ ಒಬ್ಬಳೇ ಕಾರ್ಮಿಕಳು. ಪಿ.ಎಫ್. ಕಟ್ಟುವ ಹೊರೆ ತಪ್ಪಿಸಲು ಕೆಲವು ಕಂತ್ರಾಟುದಾರರು ಇದನ್ನು ಪ್ರೋತ್ಸಾಹಿಸಿದರು, ಮದುವೆಯಾಗಿ ಹೋಗುವ ಮಗಳಿಗೆ ಬೇರೆ ಪುಸ್ತಕ ಯಾಕೆಂದು ಮನೆಯವರೂ ಸುಮ್ಮನಾದರು. ತಪ್ಪು ಒಂದೇ ಕಡೆಯದೆಂದರೆ ಸುಳ್ಳಾದೀತು.

ಇನ್ನು ಕಂತ್ರಾಟುದಾರನ ಕಡೆಯದು. ಕಾರ್ಮಿಕ ಚಳವಳಿಯ ಭಾಷಣಗಳಲ್ಲಿ ಅವನು ಖಳ, ಕಂಪೆನಿಯ ಲೆಕ್ಕದಲ್ಲಿ ಸದಾ ಸಂಶಯದ ವ್ಯಕ್ತಿ. ಕಳಿಸಿದ ಎಲೆಗೆ ಇಷ್ಟು ಬೀಡಿ ಬರಲೇಬೇಕೆಂದು ಕಂಪೆನಿ ಹಿಡಿಯುತ್ತದೆ, ಕಮ್ಮಿಯಾದರೆ ಕಮಿಷನ್ನಿನಲ್ಲಿ ಮುರಿಯುತ್ತದೆ. ಬ್ರಾಂಚಿನಲ್ಲಿ ಪಾಸಾದ ಬೀಡಿ ಕಂಪೆನಿಯಲ್ಲಿ ಮತ್ತೊಮ್ಮೆ ತಿರಸ್ಕೃತವಾಗಬಹುದು. ಅಷ್ಟು ಹೊತ್ತಿಗೆ ಅವನು ಮಜೂರಿ ಕೊಟ್ಟಾಗಿರುತ್ತದೆ. ಇನ್ನೊಂದು ಕಂಪೆನಿಯ ಬೀಡಿ ಮುಟ್ಟುವ ಹಾಗಿಲ್ಲ. ಬೇಡವೆಂದ ದಿನ ಎಲೆಯ ಟೆಂಪೊ ಬರುವುದು ನಿಂತರೆ ಮುಗಿಯಿತು, ನೋಟಿಸು ಗೀಟಿಸು ಏನೂ ಬೇಡ. ಕಮಿಷನ್ ಏರಿಸಬೇಕೆಂದು ಗುತ್ತಿಗೆದಾರರೂ ಆಗಾಗ ಒಟ್ಟಾಗಿ ಕೇಳಿದ್ದುಂಟು. ಕಾರ್ಮಿಕರ ಮಜೂರಿ ಏರಿದಷ್ಟು ಸುಲಭವಾಗಿ ಅದು ಏರುವುದಿಲ್ಲ, ಏಕೆಂದರೆ ಅವನಿಗೆ ಕನಿಷ್ಠ ಕೂಲಿಯ ಅಧಿಸೂಚನೆ ಇಲ್ಲ. ಕಾಗದದಲ್ಲಿ ಅವನು ವ್ಯಾಪಾರಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ವಾರಗಟ್ಟಲೆ ಎಲೆಯ ಸಾಗಾಟ ನಿಂತಾಗ ಮನೆಗಳಲ್ಲಿ ಕೆಲಸವಿಲ್ಲ, ಬ್ರಾಂಚಿನಲ್ಲಿ ಕಮಿಷನ್ ಇಲ್ಲ, ಕಂಪೆನಿಯ ಮೇಲೆ ಹೊಣೆಯೂ ಇಲ್ಲ. ಮೂವರ ನಡುವಿನ ಸಂಬಂಧದ ನಿಜರೂಪ ಆಗ ಬಯಲಾಯಿತು.

ಅಂಚೆ, ಪಾರ್ಸೆಲ್, ಆ್ಯಪ್

ಸಾಗಿಸಿ ಒಪ್ಪಿಸುವವನು ನೌಕರನೇ ಎಂಬ ಪ್ರಶ್ನೆ ಇದೇ ಹಳ್ಳಿಗಳಲ್ಲಿ ಸರ್ಕಾರದ ಎದುರೂ ಎದ್ದಿದೆ. ಬೆಳ್ತಂಗಡಿಯ ಒಳಊರುಗಳಿಗೆ ಕಾಗದ ತಲುಪಿಸುವವರಲ್ಲಿ ಹೆಚ್ಚಿನವರು ಗ್ರಾಮೀಣ ಡಾಕ್ ಸೇವಕರು. ಹಿಂದೆ ಅವರನ್ನು ಇಲಾಖೇತರ ಏಜೆಂಟರು ಎನ್ನುತ್ತಿದ್ದರು. ಏಜೆಂಟರೆಂದು ಕರೆದ ಮಾತ್ರಕ್ಕೆ ಮನಬಂದಂತೆ ತೆಗೆಯಲಾಗದು, ಅವರದ್ದೂ ನಾಗರಿಕ ಹುದ್ದೆಯೇ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ರಾಜಮ್ಮ ಪ್ರಕರಣದಲ್ಲಿ ಹೇಳಿತು. ಆದರೂ ಸಂಬಳ, ಪಿಂಚಣಿಯಲ್ಲಿ ಇಲಾಖೆಯ ನೌಕರರಿಗೆ ಸಮನಾಗಲಿಲ್ಲ. 2018ರ ಮೇ, ಜೂನ್‌ನಲ್ಲಿ ದೇಶದಾದ್ಯಂತ ಅವರು ಮುಷ್ಕರ ಹೂಡಿದ ಮೇಲೆ ಭತ್ಯೆ ಪರಿಷ್ಕರಣೆಯಾಯಿತು.

ಖಾಸಗಿ ಪಾರ್ಸೆಲ್ ಸಾಗಾಟದಲ್ಲೂ ಇದೇ ಪ್ರಶ್ನೆ ಎದ್ದಿತು. ಅಮೆರಿಕದಲ್ಲಿ ಫೆಡೆಕ್ಸ್ ಕಂಪೆನಿ ತನ್ನ ಪಾರ್ಸೆಲ್ ಚಾಲಕರನ್ನು ಸ್ವತಂತ್ರ ಗುತ್ತಿಗೆದಾರರೆಂದು ಕರೆಯುತ್ತಿತ್ತು. ಸಮವಸ್ತ್ರ, ವಾಹನದ ಬಣ್ಣ, ದಾರಿ ಎಲ್ಲವೂ ಕಂಪೆನಿ ಹೇಳಿದಂತೆ. ಅವರು ನೌಕರರೇ ಎಂದು 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು. 2015ರಲ್ಲಿ ಕ್ಯಾಲಿಫೋರ್ನಿಯಾದ ಚಾಲಕರೊಂದಿಗೆ 22.8 ಕೋಟಿ ಡಾಲರಿಗೆ ರಾಜಿಯಾಯಿತು. ಕಂಪೆನಿ ಮುಂದೆ ಗಟ್ಟಿಮಾಡಿಕೊಂಡ ವ್ಯವಸ್ಥೆ ನಮ್ಮವರಿಗೆ ಹೊಸದೇನಲ್ಲ: ಚಾಲಕರನ್ನು ನೇರವಾಗಿ ಇಟ್ಟುಕೊಳ್ಳದೆ, ಅವರನ್ನು ನೇಮಿಸಿಕೊಳ್ಳುವ ಸಣ್ಣ ಸಂಸ್ಥೆಗಳಿಗೆ ಗುತ್ತಿಗೆ ಕೊಡುವುದು. ಆ ಗುತ್ತಿಗೆದಾರರು 2022ರಲ್ಲಿ ಇಂಧನ, ಸಂಬಳದ ಖರ್ಚಿಗೆ ದರ ಸಾಲದೆಂದು ಒಟ್ಟಾಗತೊಡಗಿದಾಗ, ಮುಂದೆ ನಿಂತಿದ್ದ ದೊಡ್ಡ ಗುತ್ತಿಗೆದಾರನೊಬ್ಬನ ಒಪ್ಪಂದವನ್ನು ಕಂಪೆನಿ ಕಡಿದುಹಾಕಿತು. ಟೆಂಪೊ ಬರುವುದು ನಿಂತಿತು ಎನ್ನುವುದಕ್ಕೂ ಇದಕ್ಕೂ ಎಷ್ಟು ದೂರ?

ಕರ್ನಾಟಕ ಸರ್ಕಾರ ಆ್ಯಪ್ ಆಧಾರಿತ ಗಿಗ್ ಕಾರ್ಮಿಕರಿಗಾಗಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯನ್ನೂ ಅದೇ ವರ್ಷ ಕಾಯ್ದೆಯನ್ನೂ ತಂದಿತು. ಪ್ರತಿ ವ್ಯವಹಾರದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಲ್ಯಾಣ ಮಂಡಳಿ, ಒಪ್ಪಂದ ಬದಲಿಸಲು 14 ದಿನ ಮುಂಚಿನ ತಿಳಿವಳಿಕೆ, ತೆಗೆದುಹಾಕಲು ಲಿಖಿತ ಕಾರಣ ಅದರಲ್ಲಿವೆ. ಕಲ್ಯಾಣ ಶುಲ್ಕದ ಕಲ್ಪನೆಯೂ ಬೀಡಿಯವರಿಗೆ ಹಳೆಯದು. 1976ರ ಸೆಸ್ ಕಾಯ್ದೆಯಂತೆ ಬೀಡಿಯ ಮೇಲೆ ಎತ್ತಿದ ಹಣದಿಂದ ಆಸ್ಪತ್ರೆ, ಮಕ್ಕಳ ವಿದ್ಯಾರ್ಥಿವೇತನ, ಮನೆಗೆ ನೆರವು ನಡೆಯುತ್ತಿತ್ತು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸೇ ರದ್ದಾಯಿತು. ಆದರೆ ಗಿಗ್ ಕಾಯ್ದೆ ಒಂದು ಪ್ರಶ್ನೆಯನ್ನು ಜಾಣತನದಿಂದ ಸುತ್ತುಬಳಸಿ ಹೋಗಿದೆ: ಪಾರ್ಸೆಲ್ ತರುವವನು ನೌಕರ ಎಂದು ಅದು ಎಲ್ಲೂ ಹೇಳುವುದಿಲ್ಲ. 1966ರಲ್ಲಿ ಸಂಸತ್ತು ಜಗಲಿಯಲ್ಲಿ ಕೂತವಳನ್ನೂ ಉದ್ಯೋಗಿ ಎಂದು ಬರೆಯಲು ಹಿಂಜರಿದಿರಲಿಲ್ಲ. ಈ ಮಟ್ಟಿಗೆ ನಾವು ಹಿಂದಕ್ಕೆ ಬಂದಿದ್ದೇವೆ ಎಂದೇ ಹೇಳಬೇಕು. ಆ ಹಳೆಯ ಬೀಡಿ ಕಾಯ್ದೆಯೂ ಈಗ ಬಿಡಿಯಾಗಿ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ ವಿಲೀನವಾಗಿದೆ.

ಇಳಿಗಾಲ

ಧೂಮಪಾನ ನಿಯಂತ್ರಣದ ಕಾನೂನು, 2016ರ ಏಪ್ರಿಲ್‌ನಿಂದ ಪೊಟ್ಟಣದ ಶೇ. 85 ಭಾಗ ಆವರಿಸಿದ ಎಚ್ಚರಿಕೆಯ ಚಿತ್ರ, ತೆರಿಗೆ, ಬದಲಾದ ರುಚಿ ಎಲ್ಲ ಸೇರಿ ಬೀಡಿಯ ಬೇಡಿಕೆ ತಗ್ಗಿದೆ. ಇದನ್ನು ಕೆಡುಕೆನ್ನಲಾಗದು, ಹೊಗೆಸೊಪ್ಪಿನ ಧೂಳು ಸೇದಿ ಕೆಮ್ಮುವ ಅಜ್ಜಿಯರನ್ನು ಕಂಡವರು ಹಾಗೆನ್ನಲಾರರು. ಓದಿದ ಹೆಣ್ಣುಮಕ್ಕಳು ಸೂಪು ಹಿಡಿಯುವುದಿಲ್ಲ. ಹಲವು ಬ್ರಾಂಚುಗಳು ಮುಚ್ಚಿವೆ, ಉಳಿದವು ವಾರದ ಕೆಲವೇ ದಿನ ತೆರೆಯುತ್ತವೆ.

ಬ್ರಾಂಚು ಮುಚ್ಚಿದ ಮೇಲೆ ಹುಟ್ಟಿದ ತಕರಾರು ಪಿಂಚಣಿಯದು. 1995ರ ನೌಕರರ ಪಿಂಚಣಿ ಯೋಜನೆಯಂತೆ ಹತ್ತು ವರ್ಷದ ಸೇವೆ ತುಂಬಿದವರಿಗೆ ಮಾಸಿಕ ಪಿಂಚಣಿಯುಂಟು. 2014ರ ಸೆಪ್ಟೆಂಬರ್‌ನಿಂದ ಅದರ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ಸೇವೆ ತುಂಬಿದೆಯೆಂದು ತೋರಿಸಬೇಕಾದವಳು ನಲವತ್ತು ವರ್ಷ ಬೀಡಿ ಕಟ್ಟಿದವಳು. ಆಧಾರಿನಲ್ಲಿ ಗಂಡನ ಮನೆಯ ಹೆಸರು, ಪಿ.ಎಫ್. ಪುಸ್ತಕದಲ್ಲಿ ತಾಯಿಮನೆಯ ಹೆಸರು, ಜನ್ಮದಿನ ಶಾಲೆಗೆ ಹೋಗದವಳಿಗೆ ಕಂತ್ರಾಟುದಾರ ಅಂದಾಜಿಗೆ ಬರೆದದ್ದು. ಕೆಲವು ವರ್ಷಗಳ ಬೀಡಿ ಅತ್ತೆಯ ಪುಸ್ತಕದಲ್ಲಿ ಜಮಾ ಆಗಿದೆ. ಸರಿಪಡಿಸುವ ಅರ್ಜಿಗೆ ಮಾಲೀಕರ ಸಹಿ ಬೇಕು. ಕಂತ್ರಾಟುದಾರ ತೀರಿಹೋಗಿದ್ದಾನೆ, ಅವನ ಮಗ ಗಲ್ಫಿನಲ್ಲಿದ್ದಾನೆ, ಬ್ರಾಂಚಿದ್ದ ಕೋಣೆಯಲ್ಲಿ ಈಗ ಬೇರೆ ಅಂಗಡಿ. ಅವಳು ಲಾಗ್ ಬುಕ್ಕುಗಳ ಕಟ್ಟು ಹಿಡಿದು ಮಂಗಳೂರಿನ ಬಸ್ಸು ಹತ್ತುತ್ತಾಳೆ, ಕಂಪೆನಿಯ ಕಚೇರಿಗೊಮ್ಮೆ, ಪಿ.ಎಫ್. ಕಚೇರಿಗೊಮ್ಮೆ.